17ರ ಮೆಲುಕು, 34ರ ಬೆದೆ

ಅವತ್ತು ನನ್ನ ಪಾಲಿಗೆ ಬಂದದ್ದು 17ನೇ ನಂಬರಿನ ಹಸು. ಬೆಳಿಗ್ಗೆ 10ರಿಂದ 12ರವರೆಗೆ ಅದರ ಮೇಲೇ ಕಣ್ಣಿಟ್ಟು, ನಿಮಿಷಕ್ಕೊಂದು ಗುರುತು ಹಾಕಬೇಕಿತ್ತು. ಮಲಗಿದೆಯಾ, ನಿಂತಿದೆಯಾ, ಮೇವು ತಿನ್ನುತ್ತಿದೆಯಾ, ಮೆಲುಕು ಹಾಕುತ್ತಿದೆಯಾ, ಅಷ್ಟೇ.

ನಿಖರ ಹೈನುಗಾರಿಕೆಯ ಒಂದು ಸಂಶೋಧನೆಗೆ ನಾನು ಫಾರಂನಲ್ಲಿ ಮಾಹಿತಿ ಸಂಗ್ರಹಿಸುತ್ತಿದ್ದೆ. ಪ್ರತಿ ಹಸುವಿನ ಕುತ್ತಿಗೆಗೂ ಒಂದು ಕಾಲರ್ ಕಟ್ಟಿದ್ದೆವು. ಅದರೊಳಗಿನ ಸೆನ್ಸರ್ ಕುತ್ತಿಗೆಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಆ ಅಲುಗಾಟದ ಲಯ ನೋಡಿ ಹಸು ಏನು ಮಾಡುತ್ತಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಯಾ ಎಂದು ತಿಳಿಯಲು ಯಾರಾದರೂ ಕಣ್ಣಾರೆ ನೋಡಿ ಬರೆದಿಡಲೇಬೇಕು. ಗಡಿಯಾರವೂ ಒಂದೇ ಆಗಿರಬೇಕು. ಮೊದಲ ವಾರ ನನ್ನ ಕೈಗಡಿಯಾರ ಮೂರು ನಿಮಿಷ ಮುಂದಿತ್ತು, ಆ ವಾರದ ಸಾಲುಗಳನ್ನೆಲ್ಲ ಹಿಂದಕ್ಕೆ ಸರಿಸಬೇಕಾಯಿತು.

ಮೆಲುಕು ನೋಡುವುದು ನನಗೆ ಬೇಸರದ ಕೆಲಸ ಅನ್ನಿಸಿದ್ದೇ ಇಲ್ಲ. ಮೇವಿನ ಉಂಡೆ ಕುತ್ತಿಗೆಯೊಳಗೆ ಮೇಲಕ್ಕೇರುವುದು ಹೊರಗಿನಿಂದಲೇ ಕಾಣುತ್ತದೆ. ಆಮೇಲೆ ದವಡೆ ಅಡ್ಡಡ್ಡ ಆಡಲು ಶುರುವಾಗುತ್ತದೆ. ಹೆಚ್ಚುಕಡಿಮೆ ಸೆಕೆಂಡಿಗೊಂದು ಅಗಿತ. 50–60 ಸಲ ಅಗಿದು ನುಂಗುತ್ತದೆ. ಕೆಲವು ಸೆಕೆಂಡು ದವಡೆ ನಿಲ್ಲುತ್ತದೆ, ಮತ್ತೆ ಇನ್ನೊಂದು ಉಂಡೆ ಮೇಲೆ ಬರುತ್ತದೆ. ಚೆನ್ನಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಹೀಗೆ ಕಳೆಯುತ್ತದೆ. ಜ್ವರ ಬಂದರೆ, ಕೆಚ್ಚಲು ಬಾವಾದರೆ, ಬೆದೆಗೆ (ಗರ್ಭ ಕಟ್ಟಿಸುವ ಹೊತ್ತಿಗೆ) ಬಂದರೆ ಈ ಹೊತ್ತು ಕಡಿಮೆಯಾಗುತ್ತದೆ. ಅದಕ್ಕೇ ಮೆಲುಕಿನ ನಿಮಿಷಗಳಿಗೆ ಇಷ್ಟು ಬೆಲೆ.

17 ಅವತ್ತು ಹಾಯಾಗಿ ಮಲಗಿತ್ತು. 120 ನಿಮಿಷದಲ್ಲಿ 71 ನಿಮಿಷ ಮೆಲುಕು ಎಂದು ನನ್ನ ಪುಸ್ತಕದಲ್ಲಿತ್ತು. ಮಧ್ಯಾಹ್ನ ಕಂಪ್ಯೂಟರ್ ತೆರೆದರೆ ಅದೇ ಎರಡು ಗಂಟೆಗೆ ಮೆಲುಕು ಬರೀ 9 ನಿಮಿಷ, ಓಡಾಟ ವಿಪರೀತ. ಹೆಸರಿನ ಪಕ್ಕದಲ್ಲಿ ಬೆದೆಯ ಎಚ್ಚರಿಕೆ ಬೇರೆ.

ಸೆನ್ಸರ್ ಕೆಟ್ಟಿದೆ ಎಂದುಕೊಂಡೆ. ಆ ದಿನದ ಸಾಲನ್ನು 'ದೋಷ' ಎಂದು ಗುರುತು ಮಾಡಿ ಬಿಟ್ಟುಬಿಡಬಹುದಿತ್ತು, ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ ಗ್ರಾಫಿನ ಆ ಗೆರೆ ಕೆಟ್ಟ ಸೆನ್ಸರಿನ ಗೆರೆಯ ಹಾಗೆ ಕಾಣಲಿಲ್ಲ. ನಿಜವಾಗಿ ಬೆದೆಗೆ ಬಂದ ಹಸುವಿನದ್ದೇ ಅನ್ನುವಷ್ಟು ಸರಿಯಾಗಿತ್ತು.

ಕೊಟ್ಟಿಗೆ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. "ಅಣ್ಣಾ, 17 ಬೆದೆಗೆ ಬಂದಿದೆಯಾ?"

"17 ಎಲ್ಲಿ ಮೇಡಂ? ಬಂದಿರೋದು 34. ಬೆಳಿಗ್ಗೆಯಿಂದ ಬೇರೆ ಹಸುಗಳ ಮೇಲೆ ಹತ್ತುತ್ತಾ ಇದೆ, ಹಾಲು ಕರೆಯೋಕೂ ನಿಲ್ಲಲಿಲ್ಲ."

ಆಗ ನೆನಪಾಯಿತು. ನಾಲ್ಕು ದಿನದ ಹಿಂದೆ ಎರಡು ಹಸುಗಳ ಕಾಲರ್ ಸಡಿಲವಾಗಿತ್ತು. ಬಿಚ್ಚಿ ಪಟ್ಟಿ ಸರಿಮಾಡಿ ಮತ್ತೆ ಕಟ್ಟಿದವಳು ನಾನೇ. ಕೊಟ್ಟಿಗೆಗೆ ಓಡಿದೆ. 17ರ ಕಿವಿಯೋಲೆಯ ನಂಬರ್ ಓದಿದೆ, ಕುತ್ತಿಗೆಯ ಕಾಲರ್ ತಿರುಗಿಸಿ ಅದರ ಹಿಂಬದಿಯ ನಂಬರ್ ಓದಿದೆ. ಅದು 34ರ ಕಾಲರ್. ಅವತ್ತಿನ ಪುಸ್ತಕದಲ್ಲಿ ಕಾಲರ್ ಬಿಚ್ಚಿದ್ದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ನನಗೆ ನಿಜಕ್ಕೂ ಭಯವಾಯಿತು. ಲೆಕ್ಕದಲ್ಲಿ ಎರಡು ಹಸು ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಗೆರೆ ಚೆನ್ನಾಗಿಯೇ ಕಾಣುತ್ತವೆ. ಮಲಗಿದ್ದ ಹಸುವಿನ ಹೆಸರಲ್ಲಿ ಬೆದೆಯ ಲಕ್ಷಣ ಸೇರಿಕೊಂಡು, ಕಂಪ್ಯೂಟರ್ ಅದನ್ನೇ ಕಲಿಯುತ್ತದೆ. ಫಾರಂನವರಿಗೆ ಇನ್ನೂ ನೇರವಾದ ನಷ್ಟ. ಬೆದೆ ಒಂದು ದಿನವೂ ಪೂರ್ತಿ ಇರುವುದಿಲ್ಲ. ತಪ್ಪಿದರೆ ಮತ್ತೆ ಬರುವುದು ಸುಮಾರು 21 ದಿನಕ್ಕೆ. ಎಚ್ಚರಿಕೆಯನ್ನು ನಂಬಿ 17ನ್ನು ಗರ್ಭಧಾರಣೆಗೆ ಹಿಡಿದು ನಿಲ್ಲಿಸಿದ್ದರೆ? ಆ ಅಣ್ಣ ಇದ್ದುದರಿಂದ ಹಾಗಾಗಲಿಲ್ಲ.

ಕಾಲರ್‌ಗಳನ್ನು ಬದಲಿಸಿ ಕಟ್ಟಿದೆವು. ಬದಲಿಸಿದ ಗಂಟೆ, ನಿಮಿಷ ಬರೆದೆ. ಹಿಂದಿನ ನಾಲ್ಕು ದಿನದ ಮಾಹಿತಿಯನ್ನು ಸರಿಯಾದ ಹಸುಗಳ ಹೆಸರಿಗೆ ಹಾಕುವಷ್ಟರಲ್ಲಿ ಕತ್ತಲಾಗಿತ್ತು. ಕಾಲರ್ ಬಿಚ್ಚಿದ ಹೊತ್ತು ಹುಡುಕಿದ್ದು ಹಾಲಿನ ದಾಖಲೆಯಿಂದ, ಅವತ್ತು ಸಂಜೆಯ ಕರಾವಿಗೆ ಮುಂಚೆ ಬಿಚ್ಚಿದ್ದೆವು ಎಂದು ಅಣ್ಣನಿಗೆ ನೆನಪಿತ್ತು. ಅಲ್ಲಿಯ ಅರ್ಧ ದಿನವನ್ನು ಮಾತ್ರ ಖಾಲಿ ಬಿಟ್ಟೆ. ಗೊತ್ತಿಲ್ಲದ್ದನ್ನು ತುಂಬುವುದಕ್ಕಿಂತ ಖಾಲಿ ಇರುವುದು ಒಳ್ಳೆಯದಲ್ವಾ.

ಮರುದಿನದಿಂದ ಬೆಳಗಿನ ಮೊದಲ ಕೆಲಸ ಕಿವಿಯೋಲೆ, ಕಾಲರ್ ಎರಡನ್ನೂ ಓದಿ ಹೊಂದಿಸುವುದು. ಪುಸ್ತಕದ ಎಡಪುಟವನ್ನು ಅಣ್ಣನ ಮಾತಿಗೆ ಬಿಟ್ಟೆ. ಯಾವ ಹಸು ಮೇವು ಬಿಟ್ಟಿತು, ಯಾವುದು ಹಿಂಗಾಲು ಎತ್ತಿಡುತ್ತಿದೆ, ಯಾವುದನ್ನು ಬೇರೆ ಕಡೆ ಕಟ್ಟಿದರು, ಎಲ್ಲ ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೆ.

34ಕ್ಕೆ ಅದೇ ಸಂಜೆ ಕೃತಕ ಗರ್ಭಧಾರಣೆ ಮಾಡಿಸಿದ್ದರು. ಮೂರು ವಾರ ಕಳೆಯುವಾಗ ದಿನಾ ಅದರ ಗೆರೆ ನೋಡುತ್ತಿದ್ದೆ. 20, 21, 22ನೇ ದಿನ ಓಡಾಟ ಏರಲಿಲ್ಲ, ಮೆಲುಕು ಇಳಿಯಲಿಲ್ಲ. ಸಂತೋಷದಿಂದ ಅಣ್ಣನಿಗೆ ಹೇಳಲು ಹೋದೆ. ಅವರು ಆಗಲೇ 34ರ ಬೆನ್ನು ಸವರುತ್ತಾ ನಿಂತಿದ್ದರು.

"ಗರ್ಭ ನಿಂತಿರಬೇಕು ಮೇಡಂ," ಎಂದರು. "ಪರೀಕ್ಷೆ ಆಗಲಿ, ಆಮೇಲೆ ಬರೆದುಕೊಳ್ಳಿ."