ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಸೈಟ್ ಮತ್ತೆ ಹ್ಯಾಕ್ ಆಗುವುದೇಕೆ?

ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿರುವ ಪರಿಚಿತರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ಸೈಟ್ ಹ್ಯಾಕ್ ಆಗಿತ್ತು, ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೆ, ಒಂದು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಗತಿ. ಯಾಕೆ ಹೀಗಾಗುತ್ತದೆ?” ಕೇಳುವವರು ದೊಡ್ಡ ಕಂಪನಿಯವರಲ್ಲ, ಹೋಂಸ್ಟೇ ನಡೆಸುವವರು, ಸೀರೆ ಅಂಗಡಿಯವರು, ಖಾಸಗಿ ಶಾಲೆಯ ಆಡಳಿತ ಮಂಡಳಿಯವರು, ಊರಿನ ಸಂಘದ ಕಾರ್ಯದರ್ಶಿಗಳು. ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವಂಥ ಉತ್ತರವಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪಾಸ್‌ವರ್ಡ್ ಬೇಕಾಗುವುದು ಒಳಗೆ ಬರುವುದಕ್ಕೆ ಮಾತ್ರ. ಒಮ್ಮೆ ಒಳಗೆ ಬಂದವನು ನಿಮ್ಮ ಸರ್ವರ್‌ನಲ್ಲಿ, ಅಂದರೆ ಸೈಟ್ ಇರುವ ಕಂಪ್ಯೂಟರ್‌ನಲ್ಲಿ, ತನ್ನದೊಂದು ಫೈಲ್ ಇಟ್ಟುಹೋಗಿದ್ದರೆ, ಅವನಿಗೆ ನಿಮ್ಮ ಹೊಸ ಪಾಸ್‌ವರ್ಡ್ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಬೀಗವನ್ನೇನೋ ಬದಲಾಯಿಸಿದ್ದೀರಿ, ಆದರೆ ಕಳ್ಳ ಅಟ್ಟದ ಮೇಲೆಯೇ ಕುಳಿತಿದ್ದಾನೆ. ಹಾಗಾಗಿ ಪಾಸ್‌ವರ್ಡ್ ಬೇರೆ, ಫೈಲ್ ಅಪ್‌ಲೋಡ್ ಬೇರೆ ಎಂದು ನೋಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಕಳೆದ ಮಳೆಗಾಲದಲ್ಲಿ ಮಲೆನಾಡಿನ ಒಂದು ಹೋಂಸ್ಟೇಯ ಮಾಲೀಕರು ಕರೆ ಮಾಡಿದ್ದರು. ಗೂಗಲ್‌ನಲ್ಲಿ ಹೋಂಸ್ಟೇಯ ಹೆಸರು ಹಾಕಿದರೆ ಶೀರ್ಷಿಕೆಯ ಜಾಗದಲ್ಲಿ ಜಪಾನಿ ಅಕ್ಷರಗಳು ಕಾಣುತ್ತಿದ್ದವು. ಆದರೆ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ತೆರೆದರೆ ಎಂದಿನ ತೋಟ, ಎಂದಿನ ಕೊಠಡಿಗಳ ಚಿತ್ರ. ಹುಡುಕಾಟದ ಯಂತ್ರಕ್ಕೆ ಒಂದು ಪುಟ, ಮನುಷ್ಯರಿಗೆ ಇನ್ನೊಂದು ಪುಟ ತೋರಿಸುವ ಈ ದಾಳಿ ಹಳೆಯದು. ನಕಲಿ ಸರಕಿನ ಅಂಗಡಿಗಳನ್ನು ಗೂಗಲ್‌ನಲ್ಲಿ ಮೇಲೆತ್ತುವುದೇ ಅದರ ಉದ್ದೇಶ. “ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದೆ ಸಾರ್, ಈ ಸಲ ಇಪ್ಪತ್ತು ಅಕ್ಷರದ್ದೇ ಹಾಕಿದ್ದೇನೆ” ಎಂದರು ಅವರು. ಯಾವುದರ ಪಾಸ್‌ವರ್ಡ್ ಎಂದು ಕೇಳಿದೆ. “ಸೈಟಿನದು” ಎಂದರು.

ಅವರು ಬದಲಾಯಿಸಿದ್ದು ಸೈಟಿನ ಪುಟಗಳನ್ನು ನಿರ್ವಹಿಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಪಾಸ್‌ವರ್ಡನ್ನು. ಒಂದು ಸಣ್ಣ ಸೈಟಿಗೆ ಕನಿಷ್ಠ ಆರು ಬಾಗಿಲುಗಳಿರುತ್ತವೆ: ಡೊಮೇನ್ ಕೊಂಡ ಖಾತೆ, ಹೋಸ್ಟಿಂಗ್‌ನ (ಸೈಟ್ ಇಡಲು ಬಾಡಿಗೆಗೆ ಪಡೆದ ಜಾಗದ) ಕಂಟ್ರೋಲ್ ಪ್ಯಾನೆಲ್, ಫೈಲ್ ಕಳುಹಿಸುವ ಎಫ್‌ಟಿಪಿ ಖಾತೆ, ಡೇಟಾಬೇಸ್, ವರ್ಡ್‌ಪ್ರೆಸ್, ಇವೆಲ್ಲದರ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬಂದು ಬೀಳುವ ಇಮೇಲ್. ನಾನು ಹೋಸ್ಟಿಂಗ್‌ನಲ್ಲಿ ಎಫ್‌ಟಿಪಿಯ ದಾಖಲೆ ತೆರೆದು ನೋಡಿದಾಗ, ನಾಲ್ಕು ವರ್ಷದ ಹಿಂದೆ ಸೈಟ್ ಮಾಡಿಕೊಟ್ಟ ಹುಡುಗ ತನ್ನ ಅನುಕೂಲಕ್ಕೆ ತೆರೆದುಕೊಂಡಿದ್ದ ಖಾತೆಯೊಂದು ಇನ್ನೂ ಜೀವಂತವಾಗಿತ್ತು, ಅದರ ಪಾಸ್‌ವರ್ಡ್ ಹೋಂಸ್ಟೇಯ ಹೆಸರಿನ ಮುಂದೆ 123. ಆ ಹುಡುಗ ಕೆಟ್ಟದ್ದೇನೂ ಮಾಡಿರಲಿಲ್ಲ, ಅವನಿಗೆ ಆ ಖಾತೆ ಮರೆತೇ ಹೋಗಿತ್ತು.

ಆ ಖಾತೆಯಿಂದ ಬಂದದ್ದು ಒಂದೇ ಒಂದು ಫೈಲ್. ವರ್ಡ್‌ಪ್ರೆಸ್ ಚಿತ್ರಗಳನ್ನು ‘ಅಪ್‌ಲೋಡ್ಸ್’ ಎಂಬ ಫೋಲ್ಡರ್‌ನಲ್ಲಿ ವರ್ಷ, ತಿಂಗಳಿನ ಪ್ರಕಾರ ಜೋಡಿಸಿಡುತ್ತದೆ. ಒಂದು ಏಪ್ರಿಲ್‌ನ ಫೋಲ್ಡರ್‌ನಲ್ಲಿ, ಕಾಫಿ ಹೂವಿನ ನಲವತ್ತು ಚಿತ್ರಗಳ ನಡುವೆ, ಅವುಗಳ ಹೆಸರನ್ನೇ ಹೋಲುವ, ಆದರೆ ಕೊನೆಯಲ್ಲಿ ಜೆಪಿಜಿ ಬದಲು ಪಿಎಚ್‌ಪಿ ಎಂದಿದ್ದ ಫೈಲ್ ಕುಳಿತಿತ್ತು. ಜೆಪಿಜಿ ಎಂದರೆ ಬರೀ ಚಿತ್ರ, ಪಿಎಚ್‌ಪಿ ಎಂದರೆ ಸರ್ವರ್ ನಡೆಸುವ ಪ್ರೋಗ್ರಾಮ್. ಗಾತ್ರ 3 ಕೆಬಿ. ತೆರೆದರೆ ಒಂದೇ ಸಾಲು, ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸರಮಾಲೆ, ಆರಂಭದಲ್ಲಿ ಮಾತ್ರ ‘ಇವಾಲ್’ ಮತ್ತು ‘ಬೇಸ್64 ಡಿಕೋಡ್’ ಎಂಬ ಎರಡು ಆಜ್ಞೆಗಳು. ಬಚ್ಚಿಟ್ಟ ಪಠ್ಯವನ್ನು ಬಿಡಿಸಿ, ಬಂದದ್ದನ್ನು ಪ್ರೋಗ್ರಾಮ್ ಎಂದೇ ನಡೆಸು ಎಂಬುದು ಅದರ ಅರ್ಥ. ಸೈಟಿನ ಭೇಟಿಗಳ ದಾಖಲೆಯಲ್ಲಿ ಪ್ರತಿ ರಾತ್ರಿ ಈ ಫೈಲಿಗೆ ಹೊರಗಿನಿಂದ ಕೋರಿಕೆ ಬರುತ್ತಿತ್ತು, ಪ್ರತಿ ಸಾಲಿನ ಕೊನೆಗೆ 200, ಅಂದರೆ ಸರ್ವರ್ ಒಪ್ಪಿ ಉತ್ತರ ಕೊಟ್ಟಿದೆ. ಮಾಲೀಕರು ಪಾಸ್‌ವರ್ಡ್ ಬದಲಾಯಿಸಿದ ಮೂರೂ ದಿನಗಳಲ್ಲಿ ಅದು ನಿಂತಿರಲಿಲ್ಲ.

ಎಫ್‌ಟಿಪಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಒಬ್ಬರನ್ನೊಬ್ಬರು ಬಲ್ಲ ಕೆಲವೇ ಪ್ರಯೋಗಾಲಯಗಳ ಜಾಲಕ್ಕೆ ಅದು ಸಾಕಾಗಿತ್ತು. ಆದರೆ ಹಳೆಯ ಎಫ್‌ಟಿಪಿ ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ ಯಾವ ಮುಸುಕೂ ಇಲ್ಲದೆ ಕಳುಹಿಸುತ್ತದೆ. ಲಾಡ್ಜಿನ ವೈಫೈಯಲ್ಲಿ ಕುಳಿತು ಚಿತ್ರ ಏರಿಸಿದರೆ, ಅದೇ ಜಾಲದಲ್ಲಿ ಕಿವಿಯಿಟ್ಟು ಕುಳಿತವನಿಗೆ ಅವು ಅಂಚೆ ಕಾರ್ಡಿನ ಬರಹದಂತೆ ಓದಲು ಸಿಗುತ್ತವೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡ್ ಕಳವಾದ ನಂತರ ಅಲ್ಲಿನ ತತು ಇಲೋನೆನ್ 1995ರಲ್ಲಿ ಎಲ್ಲವನ್ನೂ ಮುಸುಕು ಹಾಕಿಯೇ ಕಳುಹಿಸುವ ಎಸ್‌ಎಸ್‌ಎಚ್ ಬರೆದರು, ಇಂದು ನಾವು ಬಳಸಬೇಕಾದ ಎಸ್‌ಎಫ್‌ಟಿಪಿ ಅದರ ಮೇಲೆಯೇ ನಿಂತಿದೆ. ಫೈಲ್‌ಜಿಲ್ಲಾದಂಥ ತಂತ್ರಾಂಶದಲ್ಲಿ ಎಫ್‌ಟಿಪಿಯ ಬದಲು ಎಸ್‌ಎಫ್‌ಟಿಪಿ ಆರಿಸುವುದು, ಸಾಮಾನ್ಯವಾಗಿ ಪೋರ್ಟ್ 21ರ ಬದಲು 22 ಹಾಕುವುದು, ಇಷ್ಟೇ ಕೆಲಸ. ನಿಮ್ಮ ಹೋಸ್ಟಿಂಗ್ ಅದನ್ನು ಕೊಡುವುದಿಲ್ಲ ಎಂದಾದರೆ ಬೇರೆ ಹೋಸ್ಟಿಂಗ್ ನೋಡುವುದು ಒಳ್ಳೆಯದು ಎಂದೇ ನಾನು ಹೇಳುತ್ತೇನೆ. ಆ ತಂತ್ರಾಂಶದೊಳಗೆ ಪಾಸ್‌ವರ್ಡ್ ಉಳಿಸಿಡುವವರು ಅದರ ಮಾಸ್ಟರ್ ಪಾಸ್‌ವರ್ಡ್ ಸೌಲಭ್ಯವನ್ನು ಚಾಲೂ ಮಾಡಬೇಕು, ಏಕೆಂದರೆ 2009ರಲ್ಲಿ ಹಬ್ಬಿದ ಗಂಬ್ಲಾರ್ ಎಂಬ ದುಷ್ಟ ತಂತ್ರಾಂಶ ಜನರ ಮನೆಯ ಕಂಪ್ಯೂಟರ್‌ಗಳಿಂದ ಎಫ್‌ಟಿಪಿ ಪಾಸ್‌ವರ್ಡ್ ಕದ್ದು, ಅದರಿಂದಲೇ ಅವರ ಸೈಟುಗಳಿಗೆ ನುಗ್ಗಿತ್ತು.

ಪಾಸ್‌ವರ್ಡ್ ಹೇಗಿರಬೇಕು ಎಂಬುದಕ್ಕೆ ಉದ್ದವಾಗಿರಲಿ, ಬೇರೆಲ್ಲೂ ಬಳಸಿರದಿರಲಿ ಎಂಬ ಎರಡೇ ಮಾತು ನನ್ನಲ್ಲಿರುವುದು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಂದ ಆಗುವ ಜೋಡಣೆಗಳು ಸುಮಾರು 20,900 ಕೋಟಿ. ಕೇಳಲು ದೊಡ್ಡದು, ಆದರೆ ಕದ್ದ ಡೇಟಾಬೇಸ್‌ನಲ್ಲಿ ಪಾಸ್‌ವರ್ಡುಗಳನ್ನು ಎಂಡಿ5ನಂಥ ಹಳೆಯ ವಿಧಾನದಲ್ಲಿ ಇಟ್ಟಿದ್ದರೆ ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಸೆಕೆಂಡುಗಳಲ್ಲಿ ಪರೀಕ್ಷಿಸಿ ಮುಗಿಸುತ್ತದೆ. ಅದಕ್ಕಿಂತ, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಚೀಟಿ ಎತ್ತಿದಂತೆ ಆರಿಸಿ ಒಟ್ಟಿಗೆ ಬರೆದರೆ, ಉದಾಹರಣೆಗೆ ಬುಟ್ಟಿ, ರೈಲು, ಹುಣಸೆ, ಕನ್ನಡಕ, ಒನಕೆ, ಮುಗಿಲು ಎಂಬಂತೆ, ನೆನಪಿಡಲೂ ಸುಲಭ, ಮುರಿಯಲೂ ಕಷ್ಟ. (ಇಲ್ಲಿ ಬರೆದದ್ದನ್ನೇ ದಯವಿಟ್ಟು ಬಳಸಬೇಡಿ.) ಗಾದೆ, ವಚನದ ಸಾಲು, ಮನೆದೇವರ ಹೆಸರು ಬೇಡ, ನಮ್ಮ ಬಾಯಿಗೆ ಸುಲಭವಾಗಿ ಬರುವುದು ಊಹಿಸುವವನ ಪಟ್ಟಿಗೂ ಸುಲಭವಾಗಿ ಸೇರುತ್ತದೆ.

ಬೇರೆಲ್ಲೂ ಬಳಸಬಾರದು ಎನ್ನುವುದಕ್ಕೆ ಕಾರಣ ಇನ್ನೂ ಗಂಭೀರವಾದದ್ದು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಬಚ್ಚಿಡದ ಪಠ್ಯವಾಗಿಯೇ ಸೋರಿದವು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕಿದ್ದು 123456. ಇಂಥ ಪಟ್ಟಿಗಳನ್ನು ಹಿಡಿದು ಯಂತ್ರಗಳು ಹಗಲೂ ರಾತ್ರಿ ಕಂಡ ಕಂಡ ಸೈಟಿನ ಬಾಗಿಲು ತಟ್ಟುತ್ತಿರುತ್ತವೆ. “ನಮ್ಮದು ಸಣ್ಣ ಸೈಟು, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ” ಎನ್ನುವವರಿಗೆ ಇದನ್ನೇ ಹೇಳುವುದು: ಯಾರೂ ಹುಡುಕಿಕೊಂಡು ಬರುವುದಿಲ್ಲ, ಸಾಲಾಗಿ ಎಲ್ಲರ ಮನೆಗೂ ಬರುತ್ತಾರೆ. ಮೂರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಬದಲಾಯಿಸಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಸೋರಿಕೆಯ ಸುಳಿವು ಸಿಕ್ಕಾಗ ಬದಲಾಯಿಸಿ, ಹೊಸದು ಸೋರಿಕೆಯ ಪಟ್ಟಿಗಳಲ್ಲಿ ಇಲ್ಲವೆಂದು ನೋಡಿಕೊಳ್ಳಿ ಎನ್ನುತ್ತದೆ. ಆರು ಬಾಗಿಲಿಗೆ ಆರು ಪಾಸ್‌ವರ್ಡ್ ನೆನಪಿಡಲಾಗದವರಿಗೆ ಬಿಟ್‌ವಾರ್ಡನ್, ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ಗಳಿವೆ. ಅದೂ ಬೇಡವೆಂದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ನೋಟ್‌ಪುಸ್ತಕ, ವಾಟ್ಸಾಪ್ ಗುಂಪಿನಲ್ಲಿ ಹಾಕಿಟ್ಟ ಸಂದೇಶಕ್ಕಿಂತ ಎಷ್ಟೋ ಮೇಲು. ಇಮೇಲ್, ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳಿಗೆ ಎರಡನೆಯ ಹಂತದ ಪರಿಶೀಲನೆ, ಅಂದರೆ ಫೋನಿನ ಆ್ಯಪ್ ತೋರಿಸುವ ಆರಂಕಿಯ ಸಂಕೇತ, ಇರಲೇಬೇಕು.

ಇನ್ನು ಪಾಸ್‌ವರ್ಡನ್ನೇ ಕೇಳದ ಬಾಗಿಲು. 2020ರ ಸೆಪ್ಟೆಂಬರ್‌ನಲ್ಲಿ, 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿದ್ದ ಫೈಲ್ ಮ್ಯಾನೇಜರ್ ಎಂಬ ವರ್ಡ್‌ಪ್ರೆಸ್ ಪ್ಲಗಿನ್‌ನಲ್ಲಿ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಉಪ-ತಂತ್ರಾಂಶದಲ್ಲಿ) ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಫೈಲ್ ಏರಿಸಬಹುದಾದ ದೋಷ ಬಯಲಾಯಿತು. ಕಾರಣ ನಂಬಲಾಗದಷ್ಟು ಚಿಕ್ಕದು: ಮಾದರಿಗೆಂದು ಇದ್ದ ಒಂದು ಫೈಲಿನ ಹೆಸರಿನ ಬಾಲ ಬದಲಾಗಿ ಅದು ಪಿಎಚ್‌ಪಿ ಆಗಿತ್ತು, ಹಾಗಾಗಿ ಸರ್ವರ್ ಅದನ್ನು ನಡೆಸತೊಡಗಿತು. ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಇಲ್ಲಿ ಪ್ರಯೋಜನವಿರಲಿಲ್ಲ; ಪ್ಲಗಿನ್ ಅಪ್‌ಡೇಟ್ ಮಾಡಿದವರು ಉಳಿದರು.

ಅಪ್‌ಲೋಡ್ ಫಾರಂ ಮಾಡಿಸುವವರು ಒಂದು ಸಂಗತಿ ತಿಳಿದಿರಬೇಕು. “ಚಿತ್ರ ಮಾತ್ರ ಆರಿಸಿ” ಎಂದು ಪುಟದಲ್ಲಿ ಹಾಕುವ ನಿರ್ಬಂಧ ಬ್ರೌಸರ್‌ಗೆ ಹೇಳಿದ ಮಾತಷ್ಟೇ, ಕೆಡಿಸಬೇಕೆಂದು ಬಂದವನು ಬ್ರೌಸರ್ ಬಳಸುವುದೇ ಇಲ್ಲ. ಫೈಲಿನ ಜೊತೆ ಬರುವ “ನಾನು ಚಿತ್ರ” ಎಂಬ ಗುರುತನ್ನೂ ಕಳುಹಿಸುವವನೇ ಬರೆಯುತ್ತಾನೆ. ಪರೀಕ್ಷೆ ಸರ್ವರ್‌ನಲ್ಲೇ ಆಗಬೇಕು: ಇಂಥಿಂಥ ಬಗೆಯ ಫೈಲಿಗೆ ಮಾತ್ರ ಅವಕಾಶವೆಂಬ ಚಿಕ್ಕ ಪಟ್ಟಿ ಇರಬೇಕು, ಬಂದ ಹೆಸರನ್ನು ಬಿಸಾಡಿ ಹೊಸ ಹೆಸರು ಕೊಡಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆ ಫೋಲ್ಡರ್‌ನಲ್ಲಿ ಪಿಎಚ್‌ಪಿ ನಡೆಯದಂತೆ ಸರ್ವರ್‌ಗೆ ಹೇಳಬೇಕು. ಈ ಕೊನೆಯದೊಂದು ಇದ್ದಿದ್ದರೆ ಕಾಫಿ ಹೂವಿನ ನಡುವಿನ ಆ ಫೈಲ್ ಕುಳಿತಲ್ಲೇ ಸತ್ತಂತಿರುತ್ತಿತ್ತು. ಅಪಾಚಿ ಎಂಬ ಸರ್ವರ್ ತಂತ್ರಾಂಶದಲ್ಲಿ ಇದನ್ನು ‘ಎಚ್‌ಟಿ ಆ್ಯಕ್ಸೆಸ್’ ಫೈಲಿನಲ್ಲಿ ಬರೆಯಬಹುದು; ಎಂಜಿನ್‌ಎಕ್ಸ್ ಎಂಬ ಇನ್ನೊಂದು ಆ ಫೈಲನ್ನು ಓದುವುದೇ ಇಲ್ಲ, ಅಲ್ಲಿ ಹೋಸ್ಟಿಂಗ್‌ನವರಿಂದ ಮಾಡಿಸಬೇಕು. “ಅಪ್‌ಲೋಡ್ ಆಗ್ತಿಲ್ಲ” ಎಂದಾಗ ಅವಸರಕ್ಕೆ 777 ಅನುಮತಿ (ಯಾರು ಬೇಕಾದರೂ ಓದಿ, ಬರೆದು, ನಡೆಸಬಹುದು ಎಂಬ ಸಂಕೇತ) ಕೊಟ್ಟು ಮರೆಯುವ ಅಭ್ಯಾಸವೂ ಹೋಗಬೇಕು, ಫೋಲ್ಡರ್‌ಗೆ 755, ಫೈಲಿಗೆ 644 ಸಾಮಾನ್ಯವಾಗಿ ಸಾಕು.

ಒಳಗೆ ಬರುವ ಫೈಲಿನದಷ್ಟೇ ಅಲ್ಲ, ಒಳಗಿನ ಫೈಲ್ ಹೊರಗೆ ಕಾಣುವುದರ ಅಪಾಯವೂ ಇದೆ. ಒಂದು ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಮಕ್ಕಳು ಏರಿಸಿದ ಆಧಾರ್ ಪ್ರತಿಗಳು 101, 102, 103 ಎಂದು ಸಾಲಾಗಿ ಹೆಸರಾಗಿ, ಎಲ್ಲರಿಗೂ ತೆರೆದ ಫೋಲ್ಡರ್‌ನಲ್ಲಿ ಬಿದ್ದಿದ್ದವು. ವಿಳಾಸದ ಕೊನೆಯ ಅಂಕಿ ಬದಲಾಯಿಸಿದರೆ ಮತ್ತೊಂದು ಮಗುವಿನ ಮುಖ, ಹುಟ್ಟಿದ ದಿನ, ಮನೆಯ ವಿಳಾಸ. ಆ ದಿನ ನನಗೆ ಬಂದ ಸಂಕಟ ಇನ್ನೂ ಹೋಗಿಲ್ಲ. ಅಂಥ ದಾಖಲೆಗಳನ್ನು, ಹೊರಗಿನವರಿಗೆ ಕಾಣುವ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರ್‌ನ ಹೊರಗಿಟ್ಟು, ಲಾಗಿನ್ ಆದ ಸಿಬ್ಬಂದಿಗೆ ಮಾತ್ರ ತೋರಿಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಸೈಟಿನ ಬ್ಯಾಕಪ್ ಜಿಪ್ ಫೈಲನ್ನು ಅದೇ ಫೋಲ್ಡರ್‌ನಲ್ಲಿ ಬಿಡುವುದೂ ಇದೇ ತಪ್ಪು. ಡೇಟಾಬೇಸ್‌ನ ಪಾಸ್‌ವರ್ಡ್ ಅದರೊಳಗೇ ಇರುತ್ತದೆ.

ಹೋಂಸ್ಟೇಯ ಸೈಟನ್ನು ಸರಿಪಡಿಸಿದ ಕ್ರಮ ಹೀಗಿತ್ತು. ಮೊದಲು ಮಾಲೀಕರ ಕಂಪ್ಯೂಟರನ್ನೇ ಪರೀಕ್ಷಿಸಿದೆವು, ಇಲ್ಲದಿದ್ದರೆ ಹೊಸ ಪಾಸ್‌ವರ್ಡೂ ಅಲ್ಲಿಂದಲೇ ಹೋಗುತ್ತಿತ್ತು. ಹಳೆಯ ಎಫ್‌ಟಿಪಿ ಖಾತೆ ಅಳಿಸಿದೆವು. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳ ಫೈಲುಗಳನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ, ಅಪ್‌ಲೋಡ್ಸ್‌ನಲ್ಲಿದ್ದ ಪ್ರತಿಯೊಂದು ಪಿಎಚ್‌ಪಿ ಫೈಲನ್ನೂ ತೆರೆದು ನೋಡಿದೆವು. (ಕೆಲವು ಪ್ಲಗಿನ್‌ಗಳು ಖಾಲಿ ಇಂಡೆಕ್ಸ್ ಫೈಲ್ ಇಡುವುದುಂಟು, ಅದಕ್ಕೆ ಹೆದರಬೇಕಿಲ್ಲ.) ಬಳಕೆದಾರರ ಪಟ್ಟಿಯಲ್ಲಿ ಮಾಲೀಕರಿಗೆ ಗೊತ್ತೇ ಇಲ್ಲದ ಇನ್ನೊಬ್ಬ ಅಡ್ಮಿನ್ ಇದ್ದ, ಅವನನ್ನು ತೆಗೆದು, ಸಂರಚನೆಯ ಫೈಲಿನ ರಹಸ್ಯ ಕೀಲಿಗಳನ್ನು ಬದಲಾಯಿಸಿ ಲಾಗಿನ್ ಆಗಿದ್ದವರನ್ನೆಲ್ಲ ಹೊರಹಾಕಿದೆವು. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಆರೂ ಬಾಗಿಲುಗಳ ಪಾಸ್‌ವರ್ಡ್ ಬದಲಾಯಿಸಿದೆವು. ಗೂಗಲ್‌ನಿಂದ ಜಪಾನಿ ಪುಟಗಳು ಪೂರ್ತಿ ಮರೆಯಾಗಲು ಇನ್ನೂ ಕೆಲವು ವಾರ ಹಿಡಿಯಿತು. ಆ ಫೈಲನ್ನು ಕೇಳಿಕೊಂಡು ರಾತ್ರಿಯ ಕೋರಿಕೆಗಳು ಆಮೇಲೂ ಬರುತ್ತಲೇ ಇದ್ದವು. ದಾಖಲೆಯ ಸಾಲಿನ ಕೊನೆಯಲ್ಲಿ ಮಾತ್ರ 200ರ ಜಾಗಕ್ಕೆ 404, ಅಂದರೆ ‘ಅಂಥದ್ದು ಇಲ್ಲಿಲ್ಲ’, ಬಂದಿತ್ತು.