ಸ್ಟಾಕ್ ಇಲ್ಲಮ್ಮ, ನಾಲ್ಕು ದಿನ ಬಿಟ್ಟು ಬನ್ನಿ

ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ನಮ್ಮ ಕಡೆ ಪ್ಲೇಟ್‌ಲೆಟ್ ಅಂದ ಕೂಡಲೇ ಡೆಂಗಿ ನೆನಪಾಗುತ್ತದೆ. ಕಡಿಮೆಯಾಯ್ತಾ, ಪಪ್ಪಾಯಿ ಎಲೆ ರಸ ಕುಡಿಸಿ ಅನ್ನುತ್ತಾರೆ. ಜಾಸ್ತಿಯಾದರೂ ಅಪಾಯ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಬ್ಬ ಅಮ್ಮ ಅನಾಗ್ರೆಲೈಡ್ ಚೀಟಿ ತಂದಿದ್ದರು. ಏರಿದ ಪ್ಲೇಟ್‌ಲೆಟ್ ಇಳಿಸುವ ಅಪರೂಪದ ಔಷಧ, ನಮ್ಮಲ್ಲಿ ಮುಗಿದಿತ್ತು. "ಸ್ಟಾಕ್ ಇಲ್ಲಮ್ಮ, ನಾಲ್ಕು ದಿನ ಬಿಟ್ಟು ಬನ್ನಿ" ಅಂದೆ. ಗ್ಯಾಸ್ಟ್ರಿಕ್ ಮಾತ್ರೆಗೆ ಹೇಳುವ ಹಾಗೇ ಹೇಳಿಬಿಟ್ಟೆ. ಅವರು ಬಂದದ್ದು ವಾರದ ಮೇಲೆ, ಕೈಯಲ್ಲಿ ಹೊಸ ರಕ್ತಪರೀಕ್ಷೆ ರಿಪೋರ್ಟ್. ಹತೋಟಿಗೆ ಬಂದಿದ್ದ ಪ್ಲೇಟ್‌ಲೆಟ್ ಕೌಂಟ್ ಮತ್ತೆ ಏರಿತ್ತು. ಪುಣ್ಯಕ್ಕೆ ಬೇರೇನೂ ಆಗಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವರಿಗಿದ್ದದ್ದು ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ. ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್ ಮಿತಿಮೀರಿ ಬೆಳೆಯುತ್ತದೆ. ರಕ್ತ ಹೆಪ್ಪುಗಟ್ಟಿ ಮೆದುಳಿಗೋ ಹೃದಯಕ್ಕೋ ಹೊಡೆತ ಬೀಳಬಹುದು. ಮೂಳೆ ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶಗಳಿವೆ, ಈ ಔಷಧ ಅವು ಬಲಿಯುವುದನ್ನು ತಡೆಯುತ್ತದೆ. ಆದರೆ ಕಾಯಿಲೆಯ ಬೇರು ಹಾಗೇ ಇರುತ್ತದೆ. ನಿಲ್ಲಿಸಿದ ಸುಮಾರು ನಾಲ್ಕೇ ದಿನದಲ್ಲಿ ಕೌಂಟ್ ಮೇಲೇರತೊಡಗುತ್ತದೆ. ನಾನು ಹೇಳಿದ್ದೂ ಅದೇ ನಾಲ್ಕು ದಿನ!

ಈಗ ಈ ಚೀಟಿ ಬಂದರೆ ಕೂರಿಸಿ ಮಾತಾಡುತ್ತೇನೆ. ಇಸಿಜಿ ಆಗಿದೆಯಾ ಅಂತ ಮೊದಲು ಕೇಳುತ್ತೇನೆ, ಯಾಕೆಂದರೆ ಇದು ಹೃದಯ ಬಡಿತದ ಲಯ ತಪ್ಪಿಸಬಲ್ಲದು. ಲಿವರ್ ತೊಂದರೆ ಇದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಎದೆ ಡವಡವ ಅನ್ನುವುದು, ಕಾಲು ಊದುವುದು ಕಂಡರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತಲೆಸುತ್ತಿ ಬಿದ್ದರೆ, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೇ.

ನನಗೆ ಹೆಚ್ಚು ಭಯ ತಲೆನೋವಿನದು. ಈ ಔಷಧದಿಂದ ಅದು ಬರುವುದು ಸಾಮಾನ್ಯ. ಆಗ ಜನ ಸುಮ್ನೆ ಯಾವುದೋ ನೋವಿನ ಮಾತ್ರೆ ನುಂಗುತ್ತಾರೆ. ಐಬುಪ್ರೊಫೆನ್ ಥರದ್ದು ರಕ್ತಸ್ರಾವ ಹೆಚ್ಚಿಸಬಹುದು, ಡಾಕ್ಟರು ಜೊತೆಗೆ ಆಸ್ಪಿರಿನ್ ಕೊಟ್ಟಿದ್ದರಂತೂ ಇನ್ನೂ ಜಾಸ್ತಿ. ವಸಡಲ್ಲಿ ರಕ್ತ, ಕಪ್ಪು ಮಲ ಕಂಡರೆ ತಡ ಮಾಡಬಾರದು. ರಿಪೋರ್ಟ್ ನಾರ್ಮಲ್ ಬಂತು ಅಂತ ಡೋಸ್ ತಾವೇ ಬದಲಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ನಮ್ಮಲ್ಲಿ ಸ್ಟಾಕ್ ಇಲ್ಲದಿದ್ದರೆ ಬೇರೆ ಅಂಗಡಿಗಳಿಗೆ ನಾನೇ ಫೋನ್ ಮಾಡುತ್ತೇನೆ. ಎಲ್ಲೂ ಸಿಗದಿದ್ದರೆ ಅವತ್ತೇ ಡಾಕ್ಟರಿಗೆ ಹೇಳಿ ಅನ್ನುತ್ತೇನೆ. ಆ ಅಮ್ಮ ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಹತ್ತು ದಿನದ ಕ್ಯಾಪ್ಸೂಲ್ ಉಳಿದಾಗ ಡಬ್ಬಿಯ ಫೋಟೋ ವಾಟ್ಸಾಪ್ ಮಾಡುತ್ತಾರೆ. ಅವತ್ತೇ ಆರ್ಡರ್ ಹಾಕುತ್ತೇನೆ.