ಹೂವಿಗೆ ಚೀಲ, ಚಿಕ್ಕಪ್ಪನಿಗೆ ಸೋಪು

14 ಆಗಸ್ಟ್ 2023, ಸೋಮವಾರ ರಾತ್ರಿ

ಹಿತ್ತಲ ಹೊಗೆಸೊಪ್ಪಿನ ಗಿಡಕ್ಕೆ ಇವತ್ತು ಕೊನೆಗೂ ಚೀಲ ಕಟ್ಟಿದೆವು. ಕಟ್ಟಿದೆವು ಅಂದರೆ, ನಾನು ಕಟ್ಟಿದೆ. ಚಿಕ್ಕಪ್ಪ ಮುಖ ಊದಿಸಿಕೊಂಡು ಸ್ಟೂಲು ಹಿಡಿದರು.

ತಕರಾರು ಶುರುವಾದದ್ದು ಬೀಜಕ್ಕೆ ಯಾವ ಗಿಡ ಅನ್ನುವುದರಿಂದ. ಎಲೆ ದಪ್ಪ ಬರಲಿ ಅಂತ ಮಿಕ್ಕ ಗಿಡಗಳ ಕುಡಿ ಮುರಿದಾಗಿದೆ. ಹೂವಿಗೆ ಬಿಟ್ಟದ್ದು ಗೋಡೆ ಪಕ್ಕದ ಗಿಡ, ಎಲ್ಲಕ್ಕಿಂತ ಅಗಲ ಎಲೆಯದ್ದು. "ಅಂಥಾ ಗಿಡದ ಸೊಪ್ಪು ಹಾಳು ಮಾಡ್ತೀಯಲ್ಲೋ, ಮೂಲೇಲಿರೋ ಸಣಕಲು ಬಿಟ್ಟಿದ್ರೆ ಸಾಕಿತ್ತು." ಸಣಕಲಿನ ಬೀಜ ಹಾಕಿ ಮುಂದಿನ ಸಲ ಏನು ಬೆಳೆಯೋದು ಚಿಕ್ಕಪ್ಪ, ಅಂದೆ. ಅದಕ್ಕೆ ಮಾತಿಲ್ಲ.

ಆಮೇಲೆ ಚೀಲದ ಮೇಲೆ ಬಂತು. "ತಾನೇ ಕಾಯಿ ಕಟ್ಟೋ ಹೂವಿಗೆ ಮುಸುಕ್ಯಾಕೆ?" ಮುಕ್ಕಾಲು ಪಾಲು ಸರಿಯೇ. ಹೂ ಪೂರ್ತಿ ಅರಳುವ ಹೊತ್ತಿಗೆ ತನ್ನದೇ ಪರಾಗ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ತಗುಲಿರುತ್ತೆ. ಆದರೆ ಪಕ್ಕದ ಮನೆಯ ಹಿತ್ತಲಲ್ಲಿ ಬೇರೆ ತಳಿ ಹೂ ಬಿಟ್ಟಿದೆ, ಜೇನಿಗೆ ಕಾಂಪೌಂಡು ಲೆಕ್ಕವೇ? ಒಂದು ಗ್ರಾಂಗೆ 10,000ಕ್ಕೂ ಹೆಚ್ಚು ತೂಗುವ ಆ ಪುಡಿಯಂಥ ಬೀಜದಲ್ಲಿ ಬೆರಕೆ ಯಾವುದು ಅಂತ ಯಾರು ಆರಿಸುತ್ತಾರೆ?

ಆಗಲೇ ಅರಳಿದ್ದ ಹೂಗಳನ್ನೂ ಎಳೆಗಾಯಿಗಳನ್ನೂ ಚಿವುಟಿ ಹಾಕಿ ಬರೀ ಮೊಗ್ಗು ಉಳಿಸಿದೆ. ಎಲೆ ಸಂದಿಯ ಚಿಗುರೂ ತೆಗೆದೆ. ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಟ್ಟೆ. ಪ್ಲಾಸ್ಟಿಕ್ ಆದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತೆ. ಗೊಂಚಲು ಇನ್ನೂ ಬೆಳೆಯಬೇಕು, ಅದಕ್ಕೆ ಮೇಲೆ ಜಾಗ ಬಿಟ್ಟು ಕಟ್ಟಬೇಕು. ಉದುರಿದ ಹೂ ಒಳಗೇ ಕೊಳೆಯದಂತೆ ಆಗಾಗ ಬಿಚ್ಚಿ ಕೊಡವಬೇಕು, ಅದೂ ಜೇನು ಇಲ್ಲದ ಹೊತ್ತು ನೋಡಿ.

ದಾರ ಬಿಗಿಯಲು ಚಿಕ್ಕಪ್ಪ ಕೈ ಚಾಚಿದರು. ಆಗಷ್ಟೇ ಸಿಗರೇಟು ಆರಿಸಿ ಬಂದ ಕೈ. "ಸೋಪು ಹಾಕಿ ತೊಳ್ಕೊಂಡು ಬನ್ನಿ" ಅಂದೆ. ಎಲೆಗೆ ಮಚ್ಚೆ ರೋಗ ತರುವ ಮೊಸಾಯಿಕ್ ವೈರಸ್ ಒಣಗಿದ ಹೊಗೆಸೊಪ್ಪಿನಲ್ಲೂ ವರ್ಷಗಟ್ಟಲೆ ಉಳಿಯುತ್ತೆ, ಸೇದುವವರ ಬೆರಳಿನಿಂದ ಎಲೆಗೆ ದಾಟುತ್ತೆ, ಬೀಜದ ಸಿಪ್ಪೆಗೂ ಅಂಟುತ್ತೆ ಅಂತೆಲ್ಲ ಹೇಳಿದೆ.

"ನಾನು ಇದಕ್ಕೆ ರೋಗ ತರೋನಾ? ಇದು ನನಗೆ ತಂದಿರೋದು ಸಾಲ್ದಾ?"

ನಗುತ್ತಲೇ ಅಂದರು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ನಾನು ದಾರದ ಗಂಟು ನೋಡುತ್ತ ನಿಂತೆ. ಎಕ್ಸ್‌ರೇ ತೆಗೆಸಿ ಅಂತ ಹೇಳೋದು ಬಿಟ್ಟು ಎಷ್ಟೋ ದಿನವಾಯಿತು. ಹೇಳಿದರೆ ಎದ್ದು ಹೋಗುತ್ತಾರೆ. ನಲ್ಲಿ ಹತ್ತಿರ ಬಹಳ ಹೊತ್ತು ಕೈ ಉಜ್ಜಿ ಬಂದರು, ಆದರೆ ಗಿಡ ಮುಟ್ಟಲಿಲ್ಲ.

ಸ್ಟೂಲು ಎತ್ತಿಡುವಾಗ ಕೇಳಿದರು: "ನೀನು ಸೇದಲ್ಲ, ನನಗೂ ಬೇಡ ಅಂತೀಯ. ಇಷ್ಟು ಜೋಪಾನ ಮಾಡಿ ಬೀಜ ಯಾರಿಗೋ?"

ಹೂವು ಚೆಂದ ಅಂದೆ.

"ಹಂಗಾದ್ರೆ ಮಿಕ್ಕಿದ್ದರ ಕುಡಿ ಯಾಕೆ ಮುರಿದೆ?"

ಸೊಪ್ಪು ನೆನೆಸಿದ ನೀರು ಗಿಡದ ಹೇನಿಗೆ ಹೊಡೆಯೋದಕ್ಕೆ ಅನ್ನಬಹುದಿತ್ತು. ಆದರೆ ನನ್ನ ಹತ್ತಿರ ಹೇನು ಹತ್ತಿರೋದು ಟೊಮೆಟೊಗೆ, ಟೊಮೆಟೊಗೂ ಇದೇ ವೈರಸ್ ಬರುತ್ತೆ, ಹಾಗಾಗಿ ಅದೂ…